ಪರ್ಚೇಸ್: ಬೇಟೆಯಿಂದ ಬೆಲೆಯವರೆಗೆ

ಇಂಗ್ಲಿಷಿನ ‘ಪರ್ಚೇಸ್’ ಎಂಬ ಪದಕ್ಕೆ ಇಂದು ಹಣ ಕೊಟ್ಟು ಕೊಳ್ಳುವುದು ಎಂಬುದೇ ಮುಖ್ಯ ಅರ್ಥ. ಕನ್ನಡ ನಾಡಿನ ಕಚೇರಿ, ಕಾರ್ಖಾನೆ, ಅಂಗಡಿಗಳಲ್ಲೂ ಪರ್ಚೇಸ್ ಆರ್ಡರ್, ಪರ್ಚೇಸ್ ಬಿಲ್ಲು, ಪರ್ಚೇಸ್ ವಿಭಾಗ ಎಂಬ ಮಾತುಗಳು ದಿನಬಳಕೆಯವು. ಆದರೆ ಸುಮಾರು 1300ರ ಹೊತ್ತಿಗೆ ಈ ಪದ ಇಂಗ್ಲಿಷ್ ಬರಹದಲ್ಲಿ ಮೊದಲು ಕಾಣಿಸಿಕೊಂಡಾಗ ಅದಕ್ಕೂ ಹಣಕ್ಕೂ ಕಡ್ಡಾಯವಾದ ನಂಟೇನೂ ಇರಲಿಲ್ಲ. ಬೆನ್ನಟ್ಟಿ ಹಿಡಿಯುವುದು, ಪ್ರಯತ್ನಪಟ್ಟು ಪಡೆಯುವುದು, ಲೂಟಿ ಮಾಡುವುದು, ಲಂಗರು ಎತ್ತುವುದು, ಸೇನೆಯಲ್ಲಿ ಹುದ್ದೆ ಪಡೆಯುವುದು ಎಲ್ಲವೂ ಒಂದೊಂದು ಕಾಲದಲ್ಲಿ ಈ ಪದದ ವ್ಯಾಪ್ತಿಯಲ್ಲಿ ಬಂದಿವೆ. ಬಲದಿಂದ ದಕ್ಕಿದ್ದನ್ನೂ ಬೆಲೆ ಕೊಟ್ಟು ಪಡೆದದ್ದನ್ನೂ ಬೇರೆ ಬೇರೆ ಎಂದು ಗುರುತಿಸಲು ಒಂದು ಸಮಾಜಕ್ಕೆ ಎಷ್ಟು ಕಾಲ ಹಿಡಿಯಿತು ಎಂಬುದು ಈ ಪದದ ಚರಿತ್ರೆಯಲ್ಲಿ ದಾಖಲಾಗಿದೆ.

ಬೇಟೆಯ ಮೂಲ

ಹಳೆಯ ಫ್ರೆಂಚಿನಲ್ಲಿ ‘ಚಾಸಿಯೇರ್’ ಎಂದರೆ ಬೇಟೆಯಾಡು. ಅದರ ಹಿಂದೆ ‘ಪೋರ್’ ಎಂಬ ಉಪಸರ್ಗ ಸೇರಿ ‘ಪೋರ್‌ಚಾಸಿಯೇರ್’ ಆಯಿತು. ಪಟ್ಟು ಬಿಡದೆ ಬೆನ್ನಟ್ಟು, ಹುಡುಕಿ ದಕ್ಕಿಸಿಕೊ ಎಂದು ಅದರ ಅರ್ಥ. ‘ಚಾಸಿಯೇರ್’ ಪದದ ಬೇರು ಲ್ಯಾಟಿನ್ನಿನ ‘ಕಾಪ್ತಾರೆ’, ಅಂದರೆ ಹಿಡಿಯಲು ಯತ್ನಿಸು. ಬೆನ್ನಟ್ಟು ಎಂಬ ಅರ್ಥದ ‘ಚೇಸ್’, ಹಿಡಿ ಎಂಬ ಅರ್ಥದ ‘ಕ್ಯಾಚ್’ ಎರಡೂ ಇದೇ ಬೇರಿನಿಂದ ಹುಟ್ಟಿದವು. ಹೀಗಾಗಿ ಚೇಸ್, ಕ್ಯಾಚ್, ಪರ್ಚೇಸ್ ಮೂರೂ ಒಂದೇ ಕುಲದ ಪದಗಳು. ಇಂದಿನ ಫ್ರೆಂಚಿನಲ್ಲಿ ಈ ಪದ ಬೆಂಬಿಡದೆ ಅಟ್ಟಿಸಿಕೊಂಡು ಹೋಗು ಎಂಬ ಅರ್ಥದಲ್ಲಿಯೇ ಉಳಿದಿದೆ. ಖರೀದಿಯ ಅರ್ಥ ಬೆಳೆದು ನೆಲೆನಿಂತದ್ದು ಇಂಗ್ಲಿಷಿನಲ್ಲಿ.

1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದ ಮೇಲೆ ಅರಮನೆ, ನ್ಯಾಯಾಲಯ, ಭೂಮಿಯ ಆಡಳಿತ ಎಲ್ಲವೂ ಫ್ರೆಂಚ್ ಆಡುವವರ ಕೈಗೆ ಹೋದವು. ಸಂತೆಯಲ್ಲಿ ಕಾಳು, ಕುರಿ ಕೊಳ್ಳುವುದಕ್ಕೆ ಜನರ ಬಾಯಲ್ಲಿ ‘ಬೈ’ ಎಂಬ ಹಳೆಯ ಇಂಗ್ಲಿಷ್ ಪದ ಇದ್ದೇ ಇತ್ತು. ಪರ್ಚೇಸ್ ಬಂದದ್ದು ಸಂತೆಯ ದಾರಿಯಿಂದಲ್ಲ, ವಕೀಲರ ಮತ್ತು ಜಮೀನುದಾರರ ದಾರಿಯಿಂದ. ವ್ಯಾಜ್ಯ ಹೂಡಲು ಬೇಕಾದ ರಿಟ್ ಆಜ್ಞೆಯನ್ನು ರಾಜನ ಚಾನ್ಸರಿ ಕಚೇರಿಯಿಂದ ಪಡೆಯುವುದಕ್ಕೂ ಪರ್ಚೇಸ್ ಎನ್ನುತ್ತಿದ್ದರು. ರಾಜನ ಅಧಿಕಾರಕ್ಕೆ ಅಡ್ಡಬರುವಂತೆ ರೋಮಿನ ಪೋಪನಿಂದ ಆದೇಶ ತರುವುದನ್ನು ತಡೆದ 1393ರ ಇಂಗ್ಲಿಷ್ ಶಾಸನದಲ್ಲೂ ಇದೇ ಪದವಿದೆ. ಅಲ್ಲಿನ ಅರ್ಥ ಕೊಳ್ಳುವುದಲ್ಲ, ಓಡಾಡಿ ಗಿಟ್ಟಿಸಿಕೊಳ್ಳುವುದು.

ಅದೇ ಕಾಲದ ಕವಿ ಜೆಫ್ರಿ ಚಾಸರ್ ತನ್ನ ಕ್ಯಾಂಟರ್ಬರಿ ಕಥೆಗಳ ಪೀಠಿಕೆಯಲ್ಲಿ ಈ ಪದವನ್ನು ಎರಡು ಪಾತ್ರಗಳಿಗೆ ಬಳಸಿದ್ದಾನೆ. ಅದರಲ್ಲಿ ಬರುವ ವಕೀಲ ಜಮೀನು ಸಂಪಾದಿಸುವುದರಲ್ಲಿ ಎತ್ತಿದ ಕೈ. ಭಿಕ್ಷಾಟನೆಯ ಸನ್ಯಾಸಿಗಾದರೋ ನಿಗದಿತ ಆದಾಯಕ್ಕಿಂತ ಮನೆಮನೆ ತಿರುಗಿ ಗಳಿಸಿದ್ದೇ ಹೆಚ್ಚು. ಒಬ್ಬ ಕಾನೂನಿನ ಬಲದಿಂದ ಗಳಿಸಿದ, ಇನ್ನೊಬ್ಬ ಮಾತಿನ ಬಲದಿಂದ. ಚಾಸರನ ಭಾಷೆಯಲ್ಲಿ ಎರಡೂ ಪರ್ಚೇಸ್.

ಕಾನೂನಿನಲ್ಲಿ ಸ್ವಯಾರ್ಜಿತ

ಇಂಗ್ಲಿಷ್ ಭೂಕಾನೂನು ಈ ಪದಕ್ಕೆ ಒಂದು ವಿಶೇಷ ಅರ್ಥ ಕೊಟ್ಟಿತು. ಭೂಮಿಯ ಹಕ್ಕು ಒಬ್ಬನಿಗೆ ಬರುವ ದಾರಿಗಳು ಎರಡೇ ಎಂಬುದು ಅದರ ನಿಲುವು. ಹಿರಿಯರು ಸತ್ತಾಗ ರಕ್ತಸಂಬಂಧದಿಂದ ತಾನಾಗಿ ಬರುವುದು ಒಂದು. ಉಳಿದ ಎಲ್ಲ ಬಗೆಯ ಗಳಿಕೆ ಇನ್ನೊಂದು. ಈ ಎರಡನೆಯದರ ಹೆಸರೇ ಪರ್ಚೇಸ್. ವಿಲಿಯಂ ಬ್ಲಾಕ್‌ಸ್ಟನ್ 1766ರಲ್ಲಿ ಪ್ರಕಟವಾದ ತನ್ನ ಕಾನೂನು ವ್ಯಾಖ್ಯಾನದ ಎರಡನೆಯ ಸಂಪುಟದಲ್ಲಿ ಇದನ್ನು ಬಿಡಿಸಿ ಹೇಳಿದ್ದಾನೆ: ಒಬ್ಬನಿಗೆ ಭೂಮಿಯನ್ನು ಪುಕ್ಕಟೆಯಾಗಿ ದಾನ ಕೊಟ್ಟರೂ ಕಾನೂನಿನ ಕಣ್ಣಿಗೆ ಅವನು ‘ಪರ್ಚೇಸರ್’. ಒಂದು ಕಾಸನ್ನೂ ಕೊಡದವನೂ ಖರೀದಿದಾರನೆನಿಸಿಕೊಳ್ಳುತ್ತಿದ್ದ.

ಕನ್ನಡ ಓದುಗರಿಗೆ ಈ ವಿಭಾಗ ಹೊಸದಲ್ಲ. ಪಿತ್ರಾರ್ಜಿತ ಮತ್ತು ಸ್ವಯಾರ್ಜಿತ ಎಂಬ ಎರಡು ಮಾತುಗಳು ಇಲ್ಲಿನ ಆಸ್ತಿ ವಿಭಾಗದ ಪ್ರತಿ ವ್ಯಾಜ್ಯದಲ್ಲೂ ಬರುತ್ತವೆ. ಹಳೆಯ ಇಂಗ್ಲಿಷ್ ಕಾನೂನಿನ ಪರ್ಚೇಸ್ ಸರಿಸುಮಾರು ಸ್ವಯಾರ್ಜಿತಕ್ಕೆ ಸಮ. ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರ ತನ್ನ ಮಿತಾಕ್ಷರದಲ್ಲಿ ಒಡೆತನದ ಮೂಲಗಳನ್ನು ಚರ್ಚಿಸುವಾಗ ಗೌತಮನ ಧರ್ಮಸೂತ್ರದ ಪಟ್ಟಿಯನ್ನು ಆಧಾರವಾಗಿ ತೆಗೆದುಕೊಳ್ಳುತ್ತಾನೆ. ಆ ಪಟ್ಟಿಯಲ್ಲಿ ವಾರಸಿಕೆ, ಕ್ರಯ, ಪಾಲು, ಒಡೆಯನಿಲ್ಲದ್ದನ್ನು ತೆಗೆದುಕೊಳ್ಳುವುದು, ನಿಧಿ ಸಿಗುವುದು ಎಂದು ಒಂದೊಂದಕ್ಕೂ ಪ್ರತ್ಯೇಕ ಹೆಸರಿದೆ. ಕ್ಷತ್ರಿಯನ ಗೆಲುವು ಬೇರೆಯೇ ಆಗಿ ನಿಲ್ಲುತ್ತದೆ. ಇಂಗ್ಲಿಷ್ ಕಾನೂನು ಒಂದೇ ಪದದಲ್ಲಿ ಕಟ್ಟಿಹಾಕಿದ್ದನ್ನು ಧರ್ಮಶಾಸ್ತ್ರ ಮೊದಲಿನಿಂದಲೂ ಬಿಡಿಸಿಟ್ಟಿತ್ತು.

ಈ ವಿಭಾಗದಿಂದ ವ್ಯವಹಾರದಲ್ಲಿ ದೊಡ್ಡ ವ್ಯತ್ಯಾಸ ಆಗುತ್ತಿತ್ತು. ವಾರಸಿಕೆಯಿಂದ ಬಂದ ಭೂಮಿಯ ಜೊತೆಗೆ ಹಿರಿಯರು ಪತ್ರ ಬರೆದುಕೊಟ್ಟ ಸಾಲದ ಹೊಣೆಯೂ ಬರುತ್ತಿತ್ತು. ಪರ್ಚೇಸಿನಿಂದ ಬಂದ ಭೂಮಿಗೆ ಆ ಹೊಣೆ ಇರಲಿಲ್ಲ. ದಸ್ತಾವೇಜಿನ ಒಂದು ನುಡಿಗಟ್ಟು ವಾರಸಿಕೆ ಸೂಚಿಸುತ್ತದೆಯೋ ಪರ್ಚೇಸ್ ಸೂಚಿಸುತ್ತದೆಯೋ ಎಂಬುದರ ಮೇಲೆ ಜಮೀನುಗಳ ಹಣೆಬರಹ ನಿಲ್ಲುತ್ತಿತ್ತು. 1581ರ ಶೆಲ್ಲಿ ಪ್ರಕರಣದ ಹೆಸರು ಹೊತ್ತ ನಿಯಮ ಇಂಥದ್ದೇ ಜಿಜ್ಞಾಸೆಯದು. ಮೂರು ಶತಮಾನಕ್ಕೂ ಹೆಚ್ಚು ಕಾಲ ವಕೀಲರು ಅದನ್ನು ಹಿಡಿದು ವಾದಿಸಿದರು.

ವಿಲಿಯಂ ದೊರೆಯ ‘ಕಾಂಕರರ್’ ಎಂಬ ಬಿರುದನ್ನೂ ಬ್ಲಾಕ್‌ಸ್ಟನ್ ಇದೇ ಸಂದರ್ಭದಲ್ಲಿ ವಿವರಿಸುತ್ತಾನೆ. ಇಂಗ್ಲಿಷ್ ವಕೀಲರು ಪರ್ಚೇಸ್ ಎನ್ನುವುದನ್ನು ಊಳಿಗಮಾನ್ಯ ಕಾನೂನಿನ ಪಂಡಿತರು ‘ಕಾಂಕ್ವೆಸ್ಟ್’ ಎನ್ನುತ್ತಿದ್ದರು; ಎರಡಕ್ಕೂ ವಾರಸಿಕೆಯಿಂದಲ್ಲದೆ ಪಡೆದದ್ದು ಎಂದೇ ಅರ್ಥ ಎಂಬುದು ಅವನ ವಿವರಣೆ. ಯುದ್ಧದ ಜಯ ಮತ್ತು ಜಮೀನಿನ ಖರೀದಿ ಕಾನೂನಿನ ಒಂದೇ ಅಧ್ಯಾಯದಲ್ಲಿ ಅಕ್ಕಪಕ್ಕ ಕೂತಿದ್ದವು.

ಇಂಗ್ಲೆಂಡಿನ 1925ರ ಆಸ್ತಿ ಕಾಯ್ದೆ ಶೆಲ್ಲಿ ಪ್ರಕರಣದ ನಿಯಮವನ್ನು ತೆಗೆದುಹಾಕಿತು. ಸದ್ಭಾವನೆಯಿಂದ, ಮೌಲ್ಯವುಳ್ಳ ಪ್ರತಿಫಲ ಕೊಟ್ಟು ಪಡೆದವನೇ ಪರ್ಚೇಸರ್ ಎಂದು ಅದು ವ್ಯಾಖ್ಯಾನಿಸಿತು. ಭಾರತದಲ್ಲಿ ಈ ಗೊಂದಲ ಬೆಳೆಯಲೇ ಇಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 54ನೆಯ ಕಲಮು ಕ್ರಯವನ್ನು ಬೆಲೆಯ ಬದಲಿಗೆ ಒಡೆತನದ ವರ್ಗಾವಣೆ ಎಂದು ಹೇಳುತ್ತದೆ. ದಾನಕ್ಕೆ ಬೇರೆಯದೇ ಅಧ್ಯಾಯವಿದೆ. ಉಪನೋಂದಣಿ ಕಚೇರಿಗಳಲ್ಲಿ ಇಂದಿಗೂ ಕ್ರಯಪತ್ರವೂ ದಾನಪತ್ರವೂ ಬೇರೆ ಬೇರೆ.

ಲೂಟಿಯ ಹೆಸರು

ಕಾನೂನಿನ ಹೊರಗೆ ಈ ಪದ ಕಳ್ಳರ, ಸೈನಿಕರ, ಕಡಲ್ಗಳ್ಳರ ಮಾತಿನಲ್ಲೂ ಬೆಳೆಯಿತು. ಷೇಕ್ಸ್‌ಪಿಯರನ ಐದನೆಯ ಹೆನ್ರಿ ನಾಟಕದಲ್ಲಿ ಫ್ರಾನ್ಸಿಗೆ ಹೋದ ಇಂಗ್ಲಿಷ್ ಸೈನಿಕರ ಜೊತೆಗಿದ್ದ ಹುಡುಗನೊಬ್ಬ, ತನ್ನ ಧಣಿಗಳು ಕೈಗೆ ಸಿಕ್ಕಿದ್ದನ್ನೆಲ್ಲ ಕದ್ದು ಅದಕ್ಕೆ ಪರ್ಚೇಸ್ ಎಂದು ಹೆಸರಿಡುತ್ತಾರೆ ಎಂದು ದೂರುತ್ತಾನೆ. ಅಂದಿನ ಪ್ರೇಕ್ಷಕರಿಗೆ ಆ ಪದದ ಎರಡೂ ಮುಖ, ಕಾನೂನಿನದೂ ಕಳ್ಳತನದ್ದೂ, ಗೊತ್ತಿದ್ದವು.

ಹಡಗುಗಳಲ್ಲಿ ‘ಪರ್ಚೇಸ್ ಇಲ್ಲದಿದ್ದರೆ ಪಗಾರವಿಲ್ಲ’ ಎಂಬ ಕರಾರು ರೂಢಿಯಲ್ಲಿತ್ತು. ಲೂಟಿ ಸಿಕ್ಕರೆ ನಾವಿಕರಿಗೆ ಪಾಲು, ಇಲ್ಲದಿದ್ದರೆ ಬರಿಗೈ. ಕಡಲ್ಗಳ್ಳರನ್ನೂ ಫ್ರೆಂಚ್ ಹಡಗುಗಳನ್ನೂ ಹಿಡಿಯಲು ಇಂಗ್ಲೆಂಡಿನ ದೊರೆಯ ಪರವಾನಗಿ ಪಡೆದು 1696ರಲ್ಲಿ ಹೊರಟ ವಿಲಿಯಂ ಕಿಡ್‌ನ ‘ಅಡ್ವೆಂಚರ್ ಗ್ಯಾಲಿ’ ಹಡಗಿನವರೂ ಇದೇ ಕರಾರಿನ ಮೇಲೆ ಸೇರಿದವರು. ತಿಂಗಳುಗಟ್ಟಲೆ ಏನೂ ಸಿಗದೆ ಹಡಗಿನಲ್ಲಿ ಅಸಮಾಧಾನ ಹೊಗೆಯಾಡಿತು. 1697ರ ಸೆಪ್ಟೆಂಬರಿನಲ್ಲಿ ಸೌದೆ, ನೀರಿಗಾಗಿ ಕಿಡ್ ಕಾರವಾರದ ಬಂದರಿಗೆ ಬಂದ. ಈಸ್ಟ್ ಇಂಡಿಯಾ ಕಂಪನಿಯ ಕೋಠಿ ಅಲ್ಲಿತ್ತು. ಅಲ್ಲಿ ಕೆಲವು ನಾವಿಕರು ಹಡಗು ಬಿಟ್ಟು ಓಡಿಹೋದರು. ಅವರ ಬಾಯಿಂದ ಕಿಡ್‌ನ ನಿಜವಾದ ಉದ್ದೇಶ ಕಂಪನಿಯವರಿಗೆ ತಿಳಿಯಿತು. 1698ರ ಜನವರಿಯಲ್ಲಿ ಮಲಬಾರ್ ಕರಾವಳಿಯಾಚೆ ಅವನು ‘ಕೇದಾ ಮರ್ಚೆಂಟ್’ ಎಂಬ ಸಿರಿವಂತ ಹಡಗನ್ನು ಹಿಡಿದ. 1701ರ ಮೇ 23ರಂದು ಲಂಡನ್ನಿನಲ್ಲಿ ಅವನನ್ನು ನೇಣಿಗೇರಿಸಿದರು. ಅವನ ನಾವಿಕರ ಕರಾರಿನಲ್ಲಿ ಪರ್ಚೇಸ್ ಎಂದಿದ್ದುದು ನ್ಯಾಯಾಲಯದಲ್ಲಿ ಕಡಲ್ಗಳ್ಳತನವಾಯಿತು.

ಕೊಳ್ಳುವುದೂ ಕಸಿಯುವುದೂ ಒಂದೇ ಬೇರಿನಿಂದ ಬರುವುದು ಇಂಗ್ಲಿಷಿನಲ್ಲಿ ಮಾತ್ರವಲ್ಲ. ಕನ್ನಡದ ‘ಕೊಳ್’ ಧಾತುವಿಗೆ ತೆಗೆದುಕೊ, ಹಿಡಿ ಎಂಬುದು ಹಳೆಯ ಅರ್ಥ. ವೀರಗಲ್ಲುಗಳಲ್ಲಿ ಬರುವ ‘ತುರುಗೊಳ್’ ಎಂದರೆ ದನಗಳನ್ನು ಅಪಹರಿಸುವುದು. ಅವನ್ನು ಬಿಡಿಸಲು ಹೋಗಿ ಮಡಿದವರ ನೆನಪಿಗೆ ನಾಡಿನ ಉದ್ದಗಲಕ್ಕೂ ಕಲ್ಲುಗಳು ನಿಂತಿವೆ. ‘ಕೊಳ್ಳೆ’ಯೂ ‘ಕೊಳ್ಳುವುದೂ’ ಅದೇ ಧಾತುವಿನ ಎರಡು ಕವಲು. ಕನ್ನಡದಲ್ಲಿ ಎರಡಕ್ಕೂ ಎರಡು ರೂಪ ನಿಂತವು. ಇಂಗ್ಲಿಷಿನಲ್ಲಿ ಒಂದೇ ರೂಪ ಎರಡನ್ನೂ ಬಹುಕಾಲ ಹೊತ್ತಿತು.

ಬೆಲೆಯ ಲೆಕ್ಕ

ಹಣ ಕೊಟ್ಟು ಪಡೆಯುವುದು ಎಂಬ ಅರ್ಥ 14ನೆಯ ಶತಮಾನದಿಂದಲೇ ಈ ಪದಕ್ಕೆ ಅಂಟಿಕೊಳ್ಳತೊಡಗಿತ್ತು. ಆದರೂ 1611ರ ಇಂಗ್ಲಿಷ್ ಬೈಬಲಿನ ಅನುವಾದಕರಿಗೆ, ದೇವರ ವರವನ್ನು ಕಾಸಿಗೆ ಕೊಳ್ಳಲು ಬಂದ ಸೀಮೋನನ ಪ್ರಸಂಗದಲ್ಲಿ ‘ಹಣದಿಂದ’ ಎಂದು ಬಿಡಿಸಿ ಬರೆಯಬೇಕಾಯಿತು. ಅದೇ ಬೈಬಲಿನ ಇನ್ನೊಂದು ಕಡೆ, ಒಳ್ಳೆಯ ಸೇವೆಯಿಂದ ಗೌರವದ ಸ್ಥಾನ ಗಳಿಸುವುದಕ್ಕೂ ಇದೇ ಪದ ಬಂದಿದೆ.

ಭೂಮಿಯ ಮಾರಾಟ ಹೆಚ್ಚಿದಂತೆ ಬೆಲೆಯ ಅರ್ಥ ಗಟ್ಟಿಯಾಯಿತು. ಇಂಗ್ಲೆಂಡಿನಲ್ಲಿ ಜಮೀನಿನ ಬೆಲೆಯನ್ನು ‘ಇಷ್ಟು ವರ್ಷಗಳ ಪರ್ಚೇಸ್’ ಎಂದು ಹೇಳುವ ಪದ್ಧತಿ ಬೆಳೆಯಿತು. ವರ್ಷಕ್ಕೆ 100 ಪೌಂಡ್ ಗೇಣಿ ಬರುವ ಜಮೀನನ್ನು 20 ವರ್ಷಗಳ ಪರ್ಚೇಸಿಗೆ ಕೊಟ್ಟರು ಎಂದರೆ 2,000 ಪೌಂಡಿಗೆ ಮಾರಿದರು ಎಂದರ್ಥ. ಈ ಲೆಕ್ಕ ಬಡ್ಡಿಯ ದರಕ್ಕೆ ತಗುಲಿಕೊಂಡಿತ್ತು. ಬಡ್ಡಿ ಶೇ. 10 ಇದ್ದಾಗ ಭೂಮಿ 10ರಿಂದ 12 ವರ್ಷಗಳ ಗೇಣಿಗೆ ಮಾರಾಟವಾಗುತ್ತಿತ್ತು, ಬಡ್ಡಿ ಇಳಿದು 6, 5, 4 ಆದಂತೆ ಬೆಲೆ 20, 25, 30 ವರ್ಷಗಳ ಗೇಣಿಗೆ ಏರಿತು ಎಂದು ಆಡಂ ಸ್ಮಿತ್ 1776ರ ತನ್ನ ಗ್ರಂಥದಲ್ಲಿ ಬರೆದಿದ್ದಾನೆ. ಬ್ಯಾಂಕಿನಲ್ಲಿಟ್ಟರೆ ಕಡಿಮೆ ಹುಟ್ಟುವಳಿ ಬರುವ ಕಾಲದಲ್ಲಿ ಭೂಮಿಗೆ ಹೆಚ್ಚು ಕೊಡಲು ಜನ ಸಿದ್ಧರಾಗುತ್ತಾರೆ ಎಂಬುದು ಇದರ ತಿರುಳು.

ಈ ಬಳಕೆ ಇಂದಿಗೂ ಜೀವಂತ. ಭಾರತದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕಟ್ಟಡಗಳ ಮೌಲ್ಯಮಾಪನ ಕಲಿಯುವವರು ‘ಇಯರ್ಸ್ ಪರ್ಚೇಸ್’ ಸೂತ್ರವನ್ನು ಓದುತ್ತಾರೆ: 100ನ್ನು ಬಡ್ಡಿಯ ದರದಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಅದು. ಶೇ. 5 ಬಡ್ಡಿಗೆ 20, ಶೇ. 8ಕ್ಕೆ 12.5. ನಿವ್ವಳ ಬಾಡಿಗೆಯನ್ನು ಅದರಿಂದ ಗುಣಿಸಿದರೆ ಕಟ್ಟಡದ ಬೆಲೆ ಸಿಗುತ್ತದೆ.

ಲಂಗರಿನ ಹಗ್ಗ

ಬೆಲೆಗೆ ಸಂಬಂಧವೇ ಇಲ್ಲದ ಇನ್ನೊಂದು ಅರ್ಥ ಹಡಗಿನ ಕೆಲಸದಿಂದ ಬಂತು. 16ನೆಯ ಶತಮಾನದಿಂದ ನಾವಿಕರು ಹಗ್ಗವನ್ನು ಸ್ವಲ್ಪ ಸ್ವಲ್ಪವಾಗಿ ಎಳೆದುಕೊಂಡು ಲಂಗರು ಎತ್ತುವುದನ್ನು ಪರ್ಚೇಸ್ ಎಂದರು. ಪ್ರತಿ ಎಳೆತಕ್ಕೂ ಒಂದಿಷ್ಟು ಹಗ್ಗದ ಗಳಿಕೆ. ಮುಂದೆ ಆ ಕೆಲಸಕ್ಕೆ ಬಳಸುವ ಕಪ್ಪಿ ಮತ್ತು ಹಗ್ಗದ ಜೋಡಣೆಗೂ, ಅದರಿಂದ ಸಿಗುವ ಯಾಂತ್ರಿಕ ಅನುಕೂಲಕ್ಕೂ ಅದೇ ಹೆಸರು ಬಂತು. ಬಂಡೆ ಹತ್ತುವವನ ಕಾಲಿಗೆ, ಸನ್ನೆಗೋಲಿನ ತುದಿಗೆ ಸಿಗುವ ಭದ್ರವಾದ ಹಿಡಿತವನ್ನೂ ಇಂಗ್ಲಿಷಿನಲ್ಲಿ ಪರ್ಚೇಸ್ ಎನ್ನುತ್ತಾರೆ. ಹಿಡಿಯುವುದು ಎಂಬ ಮೂಲಾರ್ಥ ಇಲ್ಲಿ ಹೆಚ್ಚು ಮಾರ್ಪಡದೆ ಉಳಿದಿದೆ.

ಸೇನೆಯ ಹುದ್ದೆಗಳ ಮಾರಾಟ

17ನೆಯ ಶತಮಾನದ ಕೊನೆಯ ಭಾಗದಿಂದ ಬ್ರಿಟಿಷ್ ಸೇನೆಯಲ್ಲಿ ಪರ್ಚೇಸ್ ಎಂದರೆ ಒಂದು ವ್ಯವಸ್ಥೆಯ ಹೆಸರು. ಕಾಲಾಳು ಮತ್ತು ಅಶ್ವದಳಗಳ ಅಧಿಕಾರಿಗಳು ತಮ್ಮ ಹುದ್ದೆಗಳನ್ನು ಹಣ ಕೊಟ್ಟು ಕೊಳ್ಳುತ್ತಿದ್ದರು, ನಿವೃತ್ತರಾಗುವಾಗ ಮಾರುತ್ತಿದ್ದರು. ಮೊದಲನೆಯ ಜಾರ್ಜ್ ದೊರೆಯ ಕಾಲದಲ್ಲಿ, 1720ರಲ್ಲಿ, ಹುದ್ದೆಗಳಿಗೆ ಅಧಿಕೃತ ದರಪಟ್ಟಿಯೇ ಬಂತು. 1821ರ ದರದಂತೆ ಕಾಲಾಳು ಪಡೆಯಲ್ಲಿ ಎನ್‌ಸೈನ್ ಹುದ್ದೆಗೆ 450 ಪೌಂಡ್, ಲೆಫ್ಟಿನೆಂಟಿಗೆ 700, ಕ್ಯಾಪ್ಟನ್ನಿಗೆ 1,800, ಮೇಜರಿಗೆ 3,200, ಲೆಫ್ಟಿನೆಂಟ್ ಕರ್ನಲ್ ಹುದ್ದೆಗೆ 4,500 ಪೌಂಡ್. ಬಡ್ತಿ ಪಡೆಯುವವನು ತನ್ನ ಹಳೆಯ ಹುದ್ದೆ ಮಾರಿ, ವ್ಯತ್ಯಾಸದ ಹಣ ತುಂಬುತ್ತಿದ್ದ. ಲೆಫ್ಟಿನೆಂಟಿನಿಂದ ಕ್ಯಾಪ್ಟನ್ ಆಗಲು 1,100 ಪೌಂಡ್ ಬೇಕಿತ್ತು. ಹುದ್ದೆ ಮಾರಿದ ಹಣವೇ ನಿವೃತ್ತಿಯ ಇಡಿಗಂಟು. ದುರ್ನಡತೆಗಾಗಿ ವಜಾ ಆದರೆ ಅಷ್ಟೂ ಹೋಯಿತು. ಫಿರಂಗಿ ದಳ ಮತ್ತು ಎಂಜಿನಿಯರ್ ದಳಗಳಿಗೆ ಈ ಪದ್ಧತಿ ಅನ್ವಯಿಸಲಿಲ್ಲ, ಅಲ್ಲಿ ವಿದ್ಯೆ ಬೇಕಿತ್ತು. ಈಸ್ಟ್ ಇಂಡಿಯಾ ಕಂಪನಿಯ ಸೇನೆಯಲ್ಲಿ ಬಡ್ತಿ ಸೇವಾ ಹಿರಿತನದಿಂದ.

ಈ ಪದ್ಧತಿಯ ಒಂದು ಕವಲು ಮೈಸೂರಿನ ಚರಿತ್ರೆಯನ್ನು ಮುಟ್ಟುತ್ತದೆ. ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಆದ ಆರ್ಥರ್ ವೆಲ್ಲೆಸ್ಲಿ 1793ರಲ್ಲಿ, ಅಣ್ಣ ರಿಚರ್ಡ್ ಕೊಟ್ಟ ಹಣದಿಂದ, 33ನೆಯ ಕಾಲಾಳು ಪಡೆಯ ಲೆಫ್ಟಿನೆಂಟ್ ಕರ್ನಲ್ ಹುದ್ದೆಯನ್ನು ಕೊಂಡ. ಆಗ ಅವನಿಗೆ 24 ವರ್ಷ. 1797ರಲ್ಲಿ ಅದೇ ಪಡೆಯೊಂದಿಗೆ ಅವನು ಭಾರತಕ್ಕೆ ಬಂದ. ಮರುವರ್ಷ ಅಣ್ಣ ಗವರ್ನರ್ ಜನರಲ್ ಆಗಿ ಬಂದ. 1799ರ ಏಪ್ರಿಲ್‌ನಲ್ಲಿ ಶ್ರೀರಂಗಪಟ್ಟಣದ ಬಳಿಯ ಸುಲ್ತಾನಪೇಟೆ ತೋಪಿನ ಮೇಲೆ ಆರ್ಥರ್ ನಡೆಸಿದ ರಾತ್ರಿ ದಾಳಿ ವಿಫಲವಾಯಿತು. ಮೇ 4ರಂದು ಕೋಟೆಗೆ ನುಗ್ಗಿದ ಪಡೆಯ ಮುಂದಾಳು ಡೇವಿಡ್ ಬೇರ್ಡ್. ಟಿಪ್ಪು ಸುಲ್ತಾನ್ ಮಡಿದು ಪಟ್ಟಣ ಬಿದ್ದ ಮೇಲೆ ಅದರ ಆಡಳಿತ ಸಿಕ್ಕಿದ್ದು ಮಾತ್ರ ಆರ್ಥರನಿಗೆ. ಬೇರ್ಡ್ ಇದನ್ನು ಮರೆಯಲಿಲ್ಲ. ಹಣ, ಮನೆತನಗಳ ಬಲದಿಂದ ಮೇಲೇರಿದವರಲ್ಲಿ ಸಮರ್ಥರೂ ಇದ್ದರು ಎಂಬುದಕ್ಕೆ ಆರ್ಥರನ ಮುಂದಿನ ಬದುಕು ಸಾಕ್ಷಿ. ಆದರೆ ಹಣವಿಲ್ಲದ ಅನುಭವಿಗಳು ವರ್ಷಾನುಗಟ್ಟಲೆ ಕೆಳಗಿನ ಹುದ್ದೆಯಲ್ಲೇ ಕೊಳೆಯಬೇಕಾದ ಅನ್ಯಾಯವನ್ನು ಅದು ಮುಚ್ಚಲಾರದು. ಯುದ್ಧಮಂತ್ರಿ ಎಡ್ವರ್ಡ್ ಕಾರ್ಡ್‌ವೆಲ್ ತಂದ ಸುಧಾರಣೆಗೆ ಲಾರ್ಡ್ಸ್ ಸಭೆ ಅಡ್ಡಿಯಾದಾಗ ಗ್ಲಾಡ್‌ಸ್ಟನ್ ಸರ್ಕಾರ ರಾಣಿಯ ಆಜ್ಞೆಯ ಮೂಲಕ 1871ರ ನವೆಂಬರ್ 1ರಿಂದ ಈ ಮಾರಾಟವನ್ನು ನಿಲ್ಲಿಸಿತು.

ನಾಡುಗಳ ಖರೀದಿ

ಅಮೆರಿಕದ ಚರಿತ್ರೆಯಲ್ಲಿ ಈ ಪದ ಭೂಪಟವನ್ನೇ ಬದಲಿಸಿತು. 1803ರ ಏಪ್ರಿಲ್ 30ರ ತಾರೀಖಿನ ಪ್ಯಾರಿಸ್ ಒಪ್ಪಂದದಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನ ಫ್ರಾನ್ಸಿನಿಂದ ಲೂಸಿಯಾನ ಪ್ರದೇಶವನ್ನು 1.5 ಕೋಟಿ ಡಾಲರಿಗೆ ಪಡೆಯಿತು. ‘ಲೂಸಿಯಾನ ಪರ್ಚೇಸ್’ ಎಂದು ಹೆಸರಾದ ಆ ನೆಲದ ವಿಸ್ತೀರ್ಣ ಸುಮಾರು 21 ಲಕ್ಷ ಚದರ ಕಿಲೋಮೀಟರ್. ಇಂದಿನ ಕರ್ನಾಟಕದ 11 ಪಟ್ಟು. 1867ರಲ್ಲಿ ರಷ್ಯಾದಿಂದ ಅಲಾಸ್ಕಾವನ್ನು 72 ಲಕ್ಷ ಡಾಲರಿಗೆ ಕೊಂಡರು.

ಎರಡೂ ವ್ಯವಹಾರಗಳಲ್ಲಿ ಆ ನೆಲದಲ್ಲಿ ತಲೆತಲಾಂತರದಿಂದ ಬಾಳುತ್ತಿದ್ದ ಮೂಲನಿವಾಸಿಗಳ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ. ಮೂಲನಿವಾಸಿಗಳಿಂದ ಖಾಸಗಿಯವರು ನೇರವಾಗಿ ಕೊಂಡ ಭೂಮಿಯ ಹಕ್ಕು ನಿಲ್ಲದು ಎಂದು 1823ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್ ತೀರ್ಪಿತ್ತರು. ನೆಲವನ್ನು ‘ಕಂಡುಹಿಡಿದ’ ಯೂರೋಪಿನ ರಾಜ್ಯಕ್ಕೂ ಅದರ ಉತ್ತರಾಧಿಕಾರಿಗೂ ಮಾತ್ರ ಆ ಹಕ್ಕು ಎಂಬುದು ತೀರ್ಪಿನ ಆಧಾರ. ಫ್ರಾನ್ಸಿಗೆ ಬೆಲೆ ಸಂದಿತು; ನೆಲದಲ್ಲಿ ಬಾಳಿದವರಿಗೆ ಬಂದದ್ದು ಬೆನ್ನಟ್ಟುವಿಕೆ.

ಕಂತಿನ ಖರೀದಿ

19ನೆಯ ಶತಮಾನದಲ್ಲಿ ಹೊಲಿಗೆ ಯಂತ್ರ, ಪಿಯಾನೋಗಳಂಥ ದುಬಾರಿ ವಸ್ತುಗಳು ಸಾಮಾನ್ಯರ ಮನೆಗೂ ಬರತೊಡಗಿದಾಗ ‘ಹೈರ್ ಪರ್ಚೇಸ್’ ಹುಟ್ಟಿತು. ವಸ್ತು ಬಾಡಿಗೆಯ ಮೇಲೆ ಮನೆಗೆ ಬರುತ್ತದೆ. ಕೊನೆಯ ಕಂತು ಸಂದ ದಿನ ಒಡೆತನವೂ ಬರುತ್ತದೆ. ಇದರ ಕಾನೂನನ್ನು ನಿರ್ಧರಿಸಿದ್ದು 1895ರ ಹೆಲ್ಬಿ ಮತ್ತು ಮ್ಯಾಥ್ಯೂಸ್ ನಡುವಣ ಮೊಕದ್ದಮೆ. ಹೆಲ್ಬಿಯ ಪಿಯಾನೋ ಒಂದನ್ನು ಗಿರಾಕಿಯೊಬ್ಬ ತಿಂಗಳಿಗೆ 10 ಷಿಲಿಂಗ್ 6 ಪೆನ್ಸಿನಂತೆ 36 ಕಂತಿಗೆ ಒಯ್ದ. ಕೆಲವೇ ಕಂತು ಕಟ್ಟಿ, ಪಿಯಾನೋವನ್ನು ಗಿರವಿ ಅಂಗಡಿಯ ಮ್ಯಾಥ್ಯೂಸನಲ್ಲಿ ಒತ್ತೆಯಿಟ್ಟ. ಕರಾರಿನ ಪ್ರಕಾರ ಬೇಡವೆನಿಸಿದಾಗ ಪಿಯಾನೋವನ್ನು ಹಿಂದಿರುಗಿಸುವ ಸ್ವಾತಂತ್ರ್ಯ ಗಿರಾಕಿಗಿತ್ತು. ಆದ್ದರಿಂದ ಅವನು ಕೊಳ್ಳಲು ಒಪ್ಪಿದವನಲ್ಲ, ಒಡೆತನ ಹೆಲ್ಬಿಯಲ್ಲೇ ಇದೆ ಎಂದು ಲಾರ್ಡ್ಸ್ ಸಭೆ ತೀರ್ಮಾನಿಸಿತು. ಗಿರವಿ ಅಂಗಡಿಯವನು ಪಿಯಾನೋ ಕಳೆದುಕೊಂಡ.

ಈ ತೀರ್ಪು ವರ್ತಕರಿಗೆ ರಕ್ಷೆಯಾಯಿತು, ಗಿರಾಕಿಗೆ ಕುತ್ತಾಯಿತು. ಬಹುಪಾಲು ಹಣ ಕಟ್ಟಿದ ಮೇಲೂ ಒಂದು ಕಂತು ತಪ್ಪಿದರೆ ಸಾಮಾನನ್ನು ಎತ್ತಿಕೊಂಡು ಹೋಗುವ ದುರಾಸೆಯ ವ್ಯಾಪಾರಿಗಳು ಹೆಚ್ಚಿದರು. ಇದಕ್ಕೆ ಕಡಿವಾಣ ಹಾಕಲು ಸಂಸದೆ ಎಲೆನ್ ವಿಲ್ಕಿನ್ಸನ್ ಮಂಡಿಸಿದ ಮಸೂದೆ 1938ರಲ್ಲಿ ಬ್ರಿಟನ್ನಿನ ಕಾಯ್ದೆಯಾಯಿತು. ಭಾರತದಲ್ಲಿ 1972ರಲ್ಲಿ ಅಂಥದೇ ಕಾಯ್ದೆ ಅಂಗೀಕಾರವಾದರೂ ಜಾರಿಗೆ ಬರಲೇ ಇಲ್ಲ. 2005ರಲ್ಲಿ ಅದನ್ನು ರದ್ದುಪಡಿಸಲಾಯಿತು. ಸಾಲದ ಮೇಲೆ ಲಾರಿ, ಟ್ರ್ಯಾಕ್ಟರ್, ಆಟೋ ತೆಗೆದುಕೊಂಡವರು ಕಂತು ತಪ್ಪಿದಾಗ ಎದುರಿಸುವ ಜಪ್ತಿಯ ಭಯ ಇಲ್ಲಿನವರಿಗೆ ಚೆನ್ನಾಗಿ ಗೊತ್ತು.

ಪದ ಹೇಳುವ ಪಾಠ

ಏಳು ಶತಮಾನಗಳಲ್ಲಿ ಪರ್ಚೇಸ್ ತನ್ನ ಹಳೆಯ ಅರ್ಥಗಳನ್ನು ಒಂದೊಂದಾಗಿ ಕಳಚಿಕೊಂಡಿದೆ. ಲೂಟಿ ಹೋಯಿತು, ದಾನ ಹೋಯಿತು, ಹುದ್ದೆಯ ಮಾರಾಟ ಹೋಯಿತು. ಬೆಲೆ ಎಂಬ ನಿಯಮ ಉಳಿಯಿತು. ಈ ಬದಲಾವಣೆ ತನ್ನಷ್ಟಕ್ಕೆ ತಾನೇ ಆದದ್ದಲ್ಲ. ನ್ಯಾಯಾಲಯಗಳು, ಶಾಸನಸಭೆಗಳು, ಅನ್ಯಾಯಕ್ಕೊಳಗಾದವರ ದೂರುಗಳು ಸೇರಿ ಮಾಡಿದ ಕೆಲಸ ಅದು. ಆದರೆ ಬೆಲೆಯೊಂದರಿಂದಲೇ ಖರೀದಿ ನ್ಯಾಯವಾಗುವುದಿಲ್ಲ ಎಂಬುದನ್ನು ಲೂಸಿಯಾನವೂ ಕಂತಿನ ವ್ಯಾಪಾರವೂ ತೋರಿಸಿವೆ. ಮಾರುವವನಿಗೆ ಮಾರುವ ಹಕ್ಕಿರಬೇಕು, ಅದರಿಂದ ಬಾಧಿತರಾಗುವವರ ಒಪ್ಪಿಗೆ ಇರಬೇಕು, ಕೊಳ್ಳುವವನಿಗೆ ಕರಾರಿನ ತಿಳಿವಳಿಕೆ ಇರಬೇಕು. ಈ ಮೂರೂ ಇಲ್ಲದ ಕಡೆ, ರಸೀದಿ ಕೈಯಲ್ಲಿದ್ದರೂ, ನಡೆದದ್ದು ಕೊಳ್ಳುವಿಕೆಯಲ್ಲ, ಕೊಳ್ಳೆ.